ದ್ವಾದಶಿಯ ಎರಡು ಲೋಟ ತೆಳಿ

ಸಿನಿಮಾದಲ್ಲಿ ನಾನು ಸಾಯುತ್ತೇನೆ. ಇಂಟರ್ವಲ್‌ಗೆ ಇನ್ನೂ ಹತ್ತು ನಿಮಿಷ ಇರುವಾಗ, ಬೆಳಗಿನ ಹೊತ್ತು, ಅಂಗಳದ ತುಳಸಿಕಟ್ಟೆಯ ಪಕ್ಕ, ಹೂವಿನ ಬುಟ್ಟಿ ಕೈಯಲ್ಲಿರುವಾಗಲೇ. ನಿಜವಾದ ನಮ್ಮ ಮನೆ ಇರುವುದು ಚೆನ್ನೈಯ ಅಣ್ಣಾ ನಗರದಲ್ಲಿ, ನಮ್ಮದೇ ಹೋಟೆಲಿನ ಮೇಲಿನ ಎರಡನೇ ಮಹಡಿ. ತುಳಸಿ ಇರುವುದು ಬಾಲ್ಕನಿಯಲ್ಲಿ, ಪ್ಲಾಸ್ಟಿಕ್ ಕುಂಡದಲ್ಲಿ, ಏಸಿಯ ಡಬ್ಬದ ಪಕ್ಕ. ಅಲ್ಲಿ ಬಿದ್ದು ಸಾಯುವಷ್ಟು ಜಾಗವಿಲ್ಲ. ಸಿನಿಮಾದವರು ಧಾರಾಳವಾಗಿ ಒಂದು ಅಂಗಳ ಕೊಟ್ಟಿದ್ದರು. ನನ್ನ ಪಾತ್ರ ಮಾಡಿದ ಹೆಂಗಸು ಚೆನ್ನಾಗಿಯೇ ಸತ್ತಳು, ಐ ಮಸ್ಟ್ ಸೇ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಎಳೆದುಕೊಂಡದ್ದು ನನಗೆ ಕೇಳಿಸಿತು. ಅವರ ಮುಂದಿನ ಸಾಲಿನಲ್ಲಿ ನಾನು ಮೊಮ್ಮಗಳ ಪಕ್ಕ ಕೂತು ನೋಡುತ್ತಿದ್ದೆ.

ಸಿನಿಮಾ ಆ ಮೊಮ್ಮಗಳದ್ದೇ ಕಥೆ. ಅವಳು ಬಾಕ್ಸರ್. ಈಗ ಇಪ್ಪತ್ತೊಂದು ವರ್ಷ. ಹೊರದೇಶದಿಂದ ಒಂದು ಬೆಳ್ಳಿ ಪದಕ ತಂದಾಗ ಪೇಪರಿನವರು ಬಂದರು, ಅವರ ಹಿಂದೆಯೇ ಸಿನಿಮಾದವರು. ಇಡ್ಲಿ ಹೋಟೆಲಿನ ಹುಡುಗಿ, ಮೊಟ್ಟೆಯನ್ನೂ ಮುಟ್ಟದವಳು, ಬಾಕ್ಸಿಂಗ್ ಮಾಡುತ್ತಾಳೆ ಅನ್ನುವುದು ಅವರಿಗೆ ಹಿಡಿಸಿತು. ದೊಡ್ಡ ಸಿನಿಮಾ ಏನಲ್ಲ, ಹೆಸರುವಾಸಿ ನಟರು ಯಾರೂ ಇಲ್ಲ. ಅದರಲ್ಲಿ ಅಪ್ಪ ಕುಡುಕ. ನನ್ನ ಮಗ ದಿನಕ್ಕೆ ಎರಡು ಲೋಟದ ಮೇಲೆ ಕಾಫಿಯನ್ನೂ ಕುಡಿಯುವವನಲ್ಲ. ಟ್ರೇಲರ್ ನೋಡಿ ಅವನು, "ಅಮ್ಮ, ನಾಳೆ ಗಿರಾಕಿಗಳ ಮುಖ ಹೇಗೆ ನೋಡುದು?" ಅಂದ.

"ಸಾಂಬಾರಿಗೆ ಎಂತದ್ದೂ ಬೆರೆಸುದಿಲ್ಲ ಅಂತ ಬೋರ್ಡ್ ಹಾಕು," ಅಂದೆ.

ಅವನ ಕುಡಿತ ಸುಳ್ಳು, ನನ್ನ ಸಾವು ಸುಳ್ಳು. ಅದರಿಂದ ನನಗೇನೂ ಬೇಜಾರಿಲ್ಲ. ಆದರೆ ಸಿನಿಮಾದ ಹುಡುಗಿ ಒಂದು ದೊಡ್ಡ ಪಂದ್ಯವನ್ನು ಕಳೆದುಕೊಳ್ಳುವುದು ಅಜ್ಜಿ ಸತ್ತದ್ದರಿಂದ. ನನ್ನ ಮೊಮ್ಮಗಳು ಕಳೆದುಕೊಂಡದ್ದು ಅಜ್ಜಿ ಬದುಕಿದ್ದರಿಂದ. ಅದನ್ನು ಬರೆಯಬೇಕು ಅಂತ ಕೂತಿದ್ದೇನೆ.

ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ನೂರು ಗಜದ ಓಟದಲ್ಲಿ ಮೂರು ವರ್ಷ ನಾನೇ ಫಸ್ಟ್. ಸ್ಪೋರ್ಟ್ಸ್ ಡೇ ದಿನ ಸಿಸ್ಟರ್ ನನ್ನ ಎರಡು ಜಡೆಯನ್ನು ಒಟ್ಟು ಕಟ್ಟಿ, "ರನ್, ಡೋಂಟ್ ಲುಕ್ ಅಟ್ ದಿ ಅದರ್ಸ್," ಅನ್ನುತ್ತಿದ್ದರು. ಹತ್ತೊಂಬತ್ತಕ್ಕೆ ಮದುವೆಯಾಗಿ ಮದರಾಸಿಗೆ ಬಂದೆ. ಆಮೇಲೆ ಓಡಿದ್ದು ಉಕ್ಕುವ ಹಾಲಿನ ಕಡೆಗೆ ಮಾತ್ರ. ಯಜಮಾನರು ಹೋಗಿ ಹನ್ನೆರಡು ವರ್ಷವಾಯಿತು. ಹೋಟೆಲು ಈಗ ಮಗನ ಕೈಯಲ್ಲಿ. ಸೊಸೆಗೆ ಶೋಳಿಂಗನಲ್ಲೂರಿನಲ್ಲಿ ಐಟಿ ಕೆಲಸ, ಬೆಳಿಗ್ಗೆ ಆರಕ್ಕೇ ಕ್ಯಾಬು ಬಂದು ಹಾರನ್ ಮಾಡುತ್ತದೆ.

ಬಾಕ್ಸಿಂಗ್ ಶುರುವಾದದ್ದೂ ಆ ಕ್ಯಾಬಿನಿಂದಲೇ ಅನ್ನಬೇಕು. ಮೊಮ್ಮಗಳಿಗೆ ಹನ್ನೆರಡಾದಾಗ ಅಮ್ಮ ಆರಕ್ಕೆ ಹೊರಟು ಹೋದರೆ ನಾನು ಏಳರವರೆಗೆ ಪೂಜೆಯಲ್ಲಿ. ಅವಳನ್ನು ಎಬ್ಬಿಸಿ ತಯಾರು ಮಾಡುವವರು ಯಾರು? ಮಗ ಐದು ಗಂಟೆಗೆ ಕೋಯಂಬೇಡು ಮಾರ್ಕೆಟ್ಟಿಗೆ ತರಕಾರಿಗೆ ಹೋಗುವಾಗ ಯೂನಿಫಾರ್ಮ್ ಹಾಕಿಸಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಅವನು ಬದನೆಕಾಯಿ ಆರಿಸುವಷ್ಟು ಹೊತ್ತು ಇವಳು ಬಾಳೆಕಾಯಿ ಮಂಡಿಗಳ ಹಿಂದೆ ಅಲೆಯುತ್ತಿದ್ದಳು. ಅಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ಹತ್ತು ಹದಿನೈದು ಹುಡುಗಿಯರು ಹಗ್ಗ ಹಾರುತ್ತಿದ್ದರು, ಮೂಟೆಗೆ ಗುದ್ದುತ್ತಿದ್ದರು. ಕಲಿಸುತ್ತಿದ್ದವರು ಒಬ್ಬ ಮಾಸ್ಟರ್. ಚಿಕ್ಕಂದಿನಲ್ಲಿ ಅದೇ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತವರಂತೆ. ಇವಳು ಒಂದು ತಿಂಗಳು ತಗಡಿನ ಸಂದಿಯಿಂದ ನೋಡಿದಳು. ಒಂದು ದಿನ ಅವರು, "ಉಳ್ಳೆ ವಾ," ಅಂದರು. ಒಳಗೆ ಹೋದಳು, ಅಷ್ಟೇ.

ಮನೆಯಲ್ಲಿ ಮಗ ಹೇಳಿದ್ದು ಸ್ಕಿಪ್ಪಿಂಗ್ ಅಂತ. "ಒಳ್ಳೇದಲ್ವಾ ಅಮ್ಮ, ಮೈಗೆ." ಅದು ಸ್ಕಿಪ್ಪಿಂಗ್ ಅಲ್ಲ ಅಂತ ನಮಗೆಲ್ಲ ಸರಿಯಾಗಿ ತಿಳಿಯುವ ಹೊತ್ತಿಗೆ ಅವಳು ಜಿಲ್ಲಾ ಮಟ್ಟದಲ್ಲಿ ಒಬ್ಬಳ ತುಟಿ ಒಡೆದಾಗಿತ್ತು. ನನಗೆ ಮೊದಲು ಸರಿಯೆನಿಸಲಿಲ್ಲ. ಹೆಣ್ಣುಮಗಳು, ಅದೂ ನಮ್ಮ ಮನೆಯಲ್ಲಿ, ಇದೇನೂ ಪ್ರಾಪರ್ ಅಲ್ಲ ಅಂತ. ಒಂದು ಸಲ ಪಂದ್ಯ ನೋಡಲಿಕ್ಕೆ ಹೋದೆ. ಮೊದಲನೇ ರೌಂಡ್ ಬೆರಳ ಸಂದಿಯಿಂದ ನೋಡಿದೆ. ಎರಡನೇ ರೌಂಡಿಗೆ ಕೈ ತೆಗೆದೆ. ಮೂರನೆಯದರಲ್ಲಿ ಪಕ್ಕದವರ ಹತ್ತಿರ ಪಾಯಿಂಟ್ ಎಷ್ಟಾಯ್ತು ಅಂತ ಕೇಳುತ್ತಿದ್ದೆ. ಆಮೇಲಿಂದ ಎಲ್ಲ ಪಂದ್ಯಕ್ಕೂ ನಾನು ಹಾಜರು, ಫ್ಲಾಸ್ಕ್ ಸಮೇತ.

ಬಾಕ್ಸಿಂಗಿನಲ್ಲಿ ಗುದ್ದುವುದಕ್ಕಿಂತ ಕಷ್ಟದ್ದು ತೂಕ. ಅವಳದ್ದು ನಲವತ್ತೆಂಟು ಕೆ.ಜಿ. ವಿಭಾಗ. ಪಂದ್ಯದ ದಿನ ಬೆಳಿಗ್ಗೆ ತೂಗುತ್ತಾರೆ. ನಲವತ್ತೆಂಟಕ್ಕಿಂತ ಒಂದು ನೂರು ಗ್ರಾಂ ಹೆಚ್ಚಿದ್ದರೂ ಮನೆಗೆ ಹೋಗಬೇಕು. ಹಾಗಾಗಿ ತೂಕದ ಮುಂಚೆ ಎರಡು ದಿನ ಉಪ್ಪಿಲ್ಲ, ಅದು ಮೈಯಲ್ಲಿ ನೀರು ಹಿಡಿದಿಡುತ್ತದಂತೆ. ಕೊನೆಯ ದಿನ ನೀರೂ ಇಲ್ಲ. ಡ್ರೈ ಆಗುವುದು ಅಂತ ಹೇಳುತ್ತಾರೆ. ಮಾಸ್ಟರ್ ತನ್ನ ಶೆಡ್ಡಿನ ತಗಡಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಎಲ್ಲ ಹುಡುಗಿಯರ ಹೆಸರು ಬರೆದಿದ್ದರು. ಹೆಸರಿನ ಮುಂದೆ ಪ್ರತಿ ಬೆಳಿಗ್ಗೆ ಅವತ್ತಿನ ತೂಕ. ಯಾರದ್ದಾದರೂ ಏರಿದರೆ ಅವರು ಬೈಯುತ್ತಿರಲಿಲ್ಲ. ಅಂಕಿಯ ಕೆಳಗೆ ಒಂದು ಗೆರೆ ಎಳೆಯುತ್ತಿದ್ದರು. ಹುಡುಗಿಯರಿಗೆ ಅದೇ ಸಾಕಿತ್ತು.

ಇವಳಿಗೆ ಹದಿನೇಳು ವರ್ಷವಾದಾಗ ರಾಜ್ಯ ತಂಡದ ಆಯ್ಕೆ ಬಂತು. ಗೆದ್ದರೆ ನ್ಯಾಷನಲ್ಸ್. ತೂಕದ ಹಿಂದಿನ ದಿನ ಏಕಾದಶಿ. ನಮ್ಮದು ಉಡುಪಿ ಕಡೆಯ ಮಾಧ್ವರ ಮನೆ. ಏಕಾದಶಿಯೆಂದರೆ ನನಗೆ ಒಂದು ತೊಟ್ಟು ನೀರೂ ಇಲ್ಲ. ಡಾಕ್ಟರು ಬೇಡ ಅನ್ನುತ್ತಾರೆ. ಅವರಿಗೆ ಹೂಂ ಅಂತ ಹೇಳಿ ಬಂದು ನನ್ನ ಪಾಡಿಗೆ ಮಾಡುತ್ತೇನೆ. ಮನೆಯಲ್ಲಿ ಉಳಿದವರು ಬಿಟ್ಟು ಎಷ್ಟೋ ಕಾಲವಾಯಿತು. ಸೊಸೆ ಅವತ್ತು ಓಟ್ಸ್ ತಿನ್ನುತ್ತಾಳೆ, ಮಗ ಹೋಟೆಲಿನಲ್ಲಿ ಎಂತ ತಿನ್ನುತ್ತಾನೋ ನಾನು ಕೇಳುವುದಿಲ್ಲ.

ಆ ದಿನ ಮೊಮ್ಮಗಳು ನನ್ನ ಪಕ್ಕ ಸೋಫಾದಲ್ಲಿ ಬಂದು ಬಿದ್ದುಕೊಂಡಳು. ಮೈಮೇಲೆ ಪ್ಲಾಸ್ಟಿಕ್ ಜಾಕೆಟು, ಟೆರೇಸಿನಲ್ಲಿ ಹಗ್ಗ ಹಾರಿ ಬಂದಿದ್ದಳು. ತುಟಿ ಒಡೆದಿತ್ತು.

"ಅಜ್ಜಿ, ನಿನಗೂ ತಣ್ಣಿ ಇಲ್ಲ, ನನಗೂ ಇಲ್ಲ. ಸೇಮ್ ಟೀಮ್," ಅಂದಳು. ಅವಳ ಕನ್ನಡ ಹಾಗೆಯೇ, ಅರ್ಧ ತಮಿಳು.

"ನನಗೆ ಪುಣ್ಯ ಬರ್ತದೆ. ನಿನಗೆ ಎಂತ ಬರ್ತದೆ?"

"ಟ್ರೇನ್ ಟಿಕೆಟ್. ನ್ಯಾಷನಲ್ಸ್‌ಗೆ."

ಇಬ್ಬರೂ ಒದ್ದೆ ಬಟ್ಟೆಯಿಂದ ತುಟಿ ಒರೆಸಿಕೊಳ್ಳುತ್ತ ಟಿವಿ ನೋಡಿದೆವು. ಅಡಿಗೆ ಕಾರ್ಯಕ್ರಮ ಬಂತು. ಯಾರೋ ಮೊಸರನ್ನ ಕಲಸುತ್ತಿದ್ದರು. ಅವಳು ಚಾನೆಲ್ ಬದಲಿಸಿದಳು, ನಾನು ಬೇಡವೆನ್ನಲಿಲ್ಲ. ನನಗೆ ಒಳಗೊಳಗೆ ಹಿಗ್ಗು. ಇಷ್ಟು ವರ್ಷಕ್ಕೆ ಮನೆಯಲ್ಲಿ ನನ್ನ ಜೊತೆ ಉಪವಾಸ ಕೂರುವವರು ಒಬ್ಬರು ಸಿಕ್ಕಿದರಲ್ಲ ಅಂತ. ಅವಳ ಉಪವಾಸ ಯಾತಕ್ಕೆ ಅಂತ ಗೊತ್ತಿದ್ದೂ, ನನ್ನ ಮನಸ್ಸಿನಲ್ಲಿ ಅದು ನಿಧಾನವಾಗಿ ಏಕಾದಶಿಯೇ ಆಗಿಬಿಟ್ಟಿತು. ತಪ್ಪು ಆದದ್ದು ಅಲ್ಲೇ.

ಏಕಾದಶಿ ಮಾಡಿದವರು ದ್ವಾದಶಿ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಪಾರಣೆ ಮಾಡಬೇಕು, ಅಂದರೆ ತೀರ್ಥ ತೆಗೆದುಕೊಂಡು ಏನಾದರೂ ಹೊಟ್ಟೆಗೆ ಹಾಕಿ ಉಪವಾಸ ಬಿಡಬೇಕು. ಹೊತ್ತು ಮೀರಿದರೆ ಉಪವಾಸ ಮಾಡಿಯೂ ಫಲವಿಲ್ಲ. ಪಂಚಾಂಗ ನೋಡಿ ನಾಲ್ಕು ಗಂಟೆಗೇ ಎದ್ದು ಸ್ನಾನ ಮಾಡಿ ಬೆಳ್ತಿಗೆ ಅಕ್ಕಿ ಗಂಜಿ ಇಟ್ಟೆ. ತೂಕ ಏಳು ಗಂಟೆಗೆ, ಸ್ಟೇಡಿಯಮ್ಮಿನಲ್ಲಿ. ಆರೂಕಾಲಿಗೆ ಆಟೋ. ಅವಳು ಎದ್ದು ಬಚ್ಚಲಿನ ಹತ್ತಿರದ ತಕ್ಕಡಿ ಹತ್ತಿ ಕೂಗಿ ಹೇಳಿದಳು, "ನಲವತ್ತೇಳು ಏಳು! ಮುನ್ನೂರು ಗ್ರಾಂ ಕೈಲಿ ಉಂಟು ಅಜ್ಜಿ."

ನಾನು ತೀರ್ಥ ತೆಗೆದುಕೊಂಡು ಆಗಿತ್ತು. ಒಂದು ಲೋಟ ಗಂಜಿಯ ತೆಳಿ ಬಸಿದು, ಉಪ್ಪು, ಒಂದು ಚಮಚ ತುಪ್ಪ ಹಾಕಿ ಅವಳ ಮುಂದೆ ಹಿಡಿದೆ.

"ಅಜ್ಜಿ, ವೇಂಡಾಂ."

"ಪಾರಣೆ ಮಾಡದೆ ಹೋಗ್ಲಿಕ್ಕಿಲ್ಲ. ನಿನ್ನೆ ಪೂರಾ ಕಷ್ಟಪಟ್ಟದ್ದು ದಂಡ ಆಗ್ತದೆ. ಮುನ್ನೂರು ಉಂಟಲ್ವಾ ಕೈಲಿ?"

ಅವಳು ಲೋಟ ನೋಡಿದಳು. ನಮ್ಮ ಲೋಟ ಮುನ್ನೂರು ಮಿಲಿಯದ್ದು. ಐವತ್ತು ವರ್ಷ ಹೋಟೆಲಿನವರ ಮನೆಯಲ್ಲಿ ಇದ್ದವಳು ನಾನು, ಲೋಟದಲ್ಲಿ ಎಷ್ಟು ಹಿಡಿಯುತ್ತದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳಿಯೇನು. ಅವಳೂ ಮನಸ್ಸಿನಲ್ಲಿ ಲೆಕ್ಕ ಹಾಕಿರಬೇಕು. ಒಂದು ಲೋಟ ಕುಡಿದರೆ ಸರಿಯಾಗಿ ನಲವತ್ತೆಂಟು. ಕುಡಿದಳು. ಕಣ್ಣು ಮುಚ್ಚಿ, ಒಂದೇ ಉಸಿರಿಗೆ. ಆಮೇಲೆ ಖಾಲಿ ಲೋಟವನ್ನು ಕೆಳಗಿಡಲಿಲ್ಲ. ಹಾಗೇ ಹಿಡಿದುಕೊಂಡು, "ಇನ್ನೊಂಚೂರು," ಅಂದಳು.

ಒಂಚೂರು ಅಂದದ್ದು ಅವಳು. ತುಂಬ ಹೊಯ್ದದ್ದು ನಾನು. ಹಸಿದವರಿಗೆ ಅರ್ಧ ಲೋಟ ಬಡಿಸಿ ನನಗೆ ಅಭ್ಯಾಸವಿಲ್ಲ.

ಸ್ಟೇಡಿಯಮ್ಮಿನಲ್ಲಿ ನಿಜವಾದ ತೂಕ ಒಳಗೆ ಕೋಣೆಯಲ್ಲಿ. ಹೊರಗಿನ ಕಾರಿಡಾರಿನಲ್ಲಿ ಇನ್ನೊಂದು ತಕ್ಕಡಿ ಇಟ್ಟಿರುತ್ತಾರೆ, ಮೊದಲೇ ನೋಡಿಕೊಳ್ಳಲಿಕ್ಕೆ. ಮಾಸ್ಟರ್ ಅಲ್ಲಿ ನಿಂತಿದ್ದರು. ನಾನು ಗೋಡೆ ಬದಿಯ ಬೆಂಚಿನಲ್ಲಿ, ಮಡಿಲಲ್ಲಿ ಚೀಲ, ಚೀಲದೊಳಗೆ ಉಳಿದ ಗಂಜಿಯ ಫ್ಲಾಸ್ಕು. ಅವಳು ತಕ್ಕಡಿ ಹತ್ತಿದಳು. ನಲವತ್ತೆಂಟು ಮೂರು.

ಮಾಸ್ಟರ್ ಅಂಕಿ ನೋಡಿದರು. ಅವಳ ಮುಖ ನೋಡಿದರು. "ಎನ್ನ ಸಾಪ್ಟೆ?" ಅಂತ ಕೇಳಿದರು. ಏನು ತಿಂದೆ ಅಂತ.

"ತಿನ್ನಲಿಲ್ಲ ಮಾಸ್ಟರ್. ನೀರು ಕುಡಿದೆ. ನಾನೇ ತೆಗೆದು ಕುಡಿದೆ."

ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪ್ಲಾಸ್ಟಿಕ್ ಜಾಕೆಟ್ ಏರಿಸಿ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡಿದಳು. ಎಂಟು ಗಂಟೆಯವರೆಗೆ ಸಮಯವಿತ್ತು. ಓಡಿದಳು, ಉಗುಳಿದಳು, ಹತ್ತಿ ನೋಡಿದಳು, ಮತ್ತೆ ಓಡಿದಳು. ನನ್ನ ಮುಂದಿನಿಂದ ಎಷ್ಟು ಸಲ ಹೋದಳೋ ಲೆಕ್ಕವಿಲ್ಲ. ಕೊನೆಗೆ ಒಳಗೆ ಕೋಣೆಯಲ್ಲಿ ಬಂದದ್ದು ನಲವತ್ತೆಂಟು ಎರಡು. ಇನ್ನೂರು ಗ್ರಾಂ ಹೆಚ್ಚು. ಬಾಗಿಲು ಹಾಕಿದರು.

ಅಷ್ಟು ಹೊತ್ತೂ ನಾನು ಬೆಂಚಿನಿಂದ ಏಳಲಿಲ್ಲ. ನಾನು ಕುಡಿಸಿದ್ದು ಅಂತ ಒಂದು ವಾಕ್ಯ ಹೇಳಲಿಲ್ಲ. ಯಾಕೆ ಅಂತ ಆಮೇಲೆ ಬೇಕಾದಷ್ಟು ಸಲ ಯೋಚಿಸಿದ್ದೇನೆ. ಅಷ್ಟು ಜನರ ಮುಂದೆ ಬೈಸಿಕೊಳ್ಳಲಿಕ್ಕೆ ಹೆದರಿದೆ, ಬೇರೆ ಕಾರಣವಿಲ್ಲ. ಮಾಸ್ಟರ್ ಅವಳಿಗೆ ಮೂರು ಮಾತು ಅಂದರು, ನನ್ನ ಹತ್ತಿರ ಬಂದು, "ಅಮ್ಮಾ, ನೀವು ಮನೆಗೆ ಹೋಗಿ, ಬಿಸಿಲಾಗ್ತದೆ," ಅಂದರು. ಎಷ್ಟು ಮರ್ಯಾದೆಯಿಂದ ಅಂದರೆ ನನಗೆ ಆ ಫ್ಲಾಸ್ಕನ್ನು ಎಲ್ಲಿಡಬೇಕು ಅಂತ ತಿಳಿಯಲಿಲ್ಲ.

ಆಮೇಲೆ ಆರು ತಿಂಗಳು ಅವಳನ್ನು ಅವರು ಯಾವ ಪಂದ್ಯಕ್ಕೂ ಕಳುಹಿಸಲಿಲ್ಲ. ಶೆಡ್ ಗುಡಿಸುವುದು, ಚಿಕ್ಕ ಹುಡುಗಿಯರು ಗುದ್ದುವಾಗ ಎದುರು ನಿಲ್ಲುವುದು, ಅಷ್ಟೇ ಕೆಲಸ. ಗೋಡೆಯ ಮೇಲೆ ಅವಳ ಹೆಸರಿನ ಮುಂದೆ ಏನೂ ಬರೆಯಲಿಲ್ಲ. ಅಂಕಿಯೂ ಇಲ್ಲ, ಗೆರೆಯೂ ಇಲ್ಲ. ಮಗ ಮಾರ್ಕೆಟ್ಟಿಗೆ ಹೋದಾಗ ನೋಡಿ ಬಂದು ಹೇಳಿದ. ಒಂದು ಪೂರ್ತಿ ವರ್ಷ ನ್ಯಾಷನಲ್ಸ್ ಹೋಯಿತು. ಆಮೇಲೆ ಅವಳು ಗೆದ್ದಳು, ಪದಕವೂ ತಂದಳು. ಆದರೆ ಶೆಡ್ಡಿಗೆ ಹೊಸ ಹುಡುಗಿ ಬಂದಾಗಲೆಲ್ಲ ಮಾಸ್ಟರ್ ನನ್ನ ಮೊಮ್ಮಗಳನ್ನು ಬೆರಳು ಮಾಡಿ ತೋರಿಸುತ್ತಿದ್ದರು. "ಇವಳ ಹತ್ತಿರ ಎಡಗೈ ಕಲಿಯಿರಿ. ಬಾಯಿ ಕಟ್ಟುವುದನ್ನು ಮಾತ್ರ ಕಲಿಯಬೇಡಿ, ಅದು ಇವಳಿಗೆ ಬರುವುದಿಲ್ಲ." ಪದಕ ಬಂದ ಮೇಲೂ ಹೇಳುತ್ತಿದ್ದರು. ಇವಳು ಅದನ್ನು ಮನೆಗೆ ಬಂದು ನಗುತ್ತ ಹೇಳುತ್ತಿದ್ದಳು. ನಾನು ನಗುತ್ತಿರಲಿಲ್ಲ.

ಇನ್ನೊಂದು. ಅಲ್ಲಿಂದ ಮುಂದೆ ತೂಕದ ಹಿಂದಿನ ರಾತ್ರಿ ಅವಳು ನಮ್ಮ ಮನೆಯಲ್ಲಿ ಮಲಗಲಿಲ್ಲ. ಮಾಸ್ಟರ್ ಮನೆಯಲ್ಲಿ, ಅವರ ಹೆಂಡತಿಯ ಜೊತೆ. "ಅಲ್ಲಿಂದ ಹತ್ತಿರ ಅಜ್ಜಿ," ಅನ್ನುತ್ತಿದ್ದಳು. ಅವರ ಮನೆ ಕೋಯಂಬೇಡಿನಲ್ಲಿ. ನಮ್ಮಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ.

ಕಾನ್ವೆಂಟಿನಲ್ಲಿ ಶುಕ್ರವಾರ ಕ್ಯಾಥೊಲಿಕ್ ಹುಡುಗಿಯರು ಸಾಲಾಗಿ ಚಾಪೆಲ್‌ಗೆ ಕನ್ಫೆಷನ್‌ಗೆ ಹೋಗುತ್ತಿದ್ದರು. ನಾವು ಹಿಂದೂ ಹುಡುಗಿಯರಿಗೆ ಆ ಹೊತ್ತಿನಲ್ಲಿ ಮಾರಲ್ ಸಯನ್ಸ್. ಅವರು ಹೋಗುವಾಗ ಮುಖ ಉದ್ದ ಮಾಡಿಕೊಂಡು ಹೋಗಿ, ಬರುವಾಗ ಹಗುರಾಗಿ ಬಂದು ಪೇರಳೆಹಣ್ಣು ತಿನ್ನುತ್ತಿದ್ದರು. ನಾವು ಮಾತ್ರ ಆನೆಸ್ಟಿ ಅಂತ ಪಾಠ ಓದಿ ಉತ್ತರ ಬರೆಯುತ್ತಿದ್ದೆವು. ನನಗೆ ಆ ಹುಡುಗಿಯರನ್ನು ಕಂಡರೆ ಹೊಟ್ಟೆಕಿಚ್ಚು. ಎಪ್ಪತ್ತು ದಾಟಿದ ಮೇಲೆ ಆ ಹೊಟ್ಟೆಕಿಚ್ಚು ಮತ್ತೆ ಬಂತು ಅಂದರೆ ನಂಬುತ್ತೀರೋ ಇಲ್ಲವೋ.

ಸಿನಿಮಾ ಮಾಡಿದವಳು ಮೂವತ್ತರ ಹತ್ತಿರದ ಹುಡುಗಿ. ಮನೆಗೆ ಬಂದು ಎರಡು ಮಧ್ಯಾಹ್ನ ಕೂತು ಮಾತಾಡಿಸಿದಳು, ಹೆಚ್ಚಾಗಿ ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷ್ ಕೇಳಿ ಅವಳಿಗೆ ಖುಷಿ. "ಪಾಟಿ, ನೀವು ಹಳೆಯ ರೇಡಿಯೋ ತರಹ ಮಾತಾಡ್ತೀರಿ," ಅಂದಳು. ತಮಿಳಿನಲ್ಲಿ ಅಜ್ಜಿಗೆ ಪಾಟಿ. ಎರಡನೇ ದಿನ ಅವಳು ಕೇಳಿದ ಪ್ರಶ್ನೆ ಹೀಗಿತ್ತು: "ಚಿಕ್ಕವಳಿದ್ದಾಗಲೂ ಅವಳು ಕದ್ದು ತಿನ್ನುತ್ತಿದ್ದಳಾ? ಆ ಸೆಲೆಕ್ಷನ್ ದಿನ ಕದ್ದು ನೀರು ಕುಡಿದಳಂತಲ್ಲ, ಅದಕ್ಕೊಂದು ಬ್ಯಾಕ್‌ಗ್ರೌಂಡ್ ಬೇಕಿತ್ತು."

ಇಲ್ಲಿಯವರೆಗೆ ಆ ಮಾತು ಒಂದು ಶೆಡ್ಡಿನೊಳಗೆ ಇತ್ತು. ಇನ್ನು ಪರದೆಯ ಮೇಲೆ ಬರುತ್ತದೆ, ಊರೆಲ್ಲ ನೋಡುತ್ತದೆ, ಈ ಹುಡುಗಿಗೆ ಬಾಯಿ ಕಟ್ಟಲಿಕ್ಕೆ ಬರುವುದಿಲ್ಲ ಅಂತ. ಎಲ್ಲವನ್ನೂ ಹೇಳಿದೆ. ಏಕಾದಶಿ, ದ್ವಾದಶಿ, ತೆಳಿ, ಎರಡನೇ ಲೋಟ, ಬೆಂಚು. ಅವಳು ಪೆನ್ನು ಕೆಳಗಿಟ್ಟಳು.

"ಪಾಟಿ, ಇದು ಬ್ಯೂಟಿಫುಲ್."

"ವಾಟ್ ಈಸ್ ಬ್ಯೂಟಿಫುಲ್ ಅಬೌಟ್ ಇಟ್?"

"ಸ್ಕ್ರೀನ್‌ಪ್ಲೇಗೆ ಅಂದೆ," ಅಂತ ಅವಳು ಮುಖ ಸಣ್ಣ ಮಾಡಿದಳು. "ಅವಳನ್ನು ಒಂದು ಮಾತು ಕೇಳಬೇಕು."

ಆಮೇಲೆ ಅವಳಿಂದ ಸುದ್ದಿಯಿಲ್ಲ. ನಾನು ಸಿನಿಮಾದಲ್ಲಿ ಎಲ್ಲ ಬರುತ್ತದೆ ಅಂತ ನಂಬಿಕೊಂಡೆ. ಫ್ರಾಂಕ್ ಆಗಿ ಹೇಳುತ್ತೇನೆ, ನನಗೆ ಅದು ಅನುಕೂಲವಾಗಿಯೇ ಕಂಡಿತು. ಮಾಸ್ಟರ್ ಪರದೆಯ ಮೇಲೆ ನೋಡಿ ತಿಳಿದುಕೊಳ್ಳುತ್ತಾರೆ, ನಾನು ಬಾಯಿ ತೆರೆಯಬೇಕಾಗಿಲ್ಲ. ಅದಕ್ಕಾಗಿಯೇ ಮೊದಲ ದಿನದ ಟಿಕೆಟ್ ತೆಗೆಯುವಾಗ ಮಗನ ಹತ್ತಿರ, "ಮಾಸ್ಟರ್‌ಗೂ ನಮ್ಮ ಸಾಲಿನಲ್ಲೇ ಸೀಟು ತೆಗಿ," ಅಂದಿದ್ದೆ.

ಕತ್ತಲೆಯಲ್ಲಿ ಕೂತು ಆ ದೃಶ್ಯಕ್ಕೆ ಕಾದೆ. ಪರದೆಯ ಮೇಲಿನ ಹುಡುಗಿ ತಕ್ಕಡಿ ಹತ್ತಲಿಕ್ಕೆ ಹೊರಟಳು. ಅಷ್ಟರಲ್ಲಿ ಫೋನು ಬಂತು. ನಾನು ತುಳಸಿಕಟ್ಟೆಯ ಹತ್ತಿರ ಬಿದ್ದಿದ್ದೆ. ತೂಕವೂ ಇಲ್ಲ, ತೆಳಿಯೂ ಇಲ್ಲ. ಹುಡುಗಿ ಗ್ಲೌಸ್ ಎಸೆದು ಮನೆಗೆ ಓಡಿದಳು. ಇಂಟರ್ವಲ್.

ಮಗ ಸೊಸೆ ಕಾಫಿಗೆ ಹೋದರು. ಮೊಮ್ಮಗಳನ್ನು ಯಾರೋ ಹುಡುಗಿಯರು ಸೆಲ್ಫಿಗೆ ಸುತ್ತಿಕೊಂಡರು. ಮಾಸ್ಟರ್ ಹೊರಗೆ ಕಂಬದ ಹತ್ತಿರ ಒಬ್ಬರೇ ನಿಂತಿದ್ದರು, ಇಸ್ತ್ರಿ ಮಾಡಿದ ಬಿಳಿ ಶರ್ಟು. ನನ್ನನ್ನು ನೋಡಿ ನಕ್ಕರು. ಅವರ ತಮಿಳನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಏನಮ್ಮಾ, ನಿಮ್ಮನ್ನು ಮುಗಿಸಿಬಿಟ್ಟರಲ್ಲ."

"ಮಾಸ್ಟರ್, ಆ ದಿನ ಅವಳು ಕದ್ದು ಕುಡಿಯಲಿಲ್ಲ. ನಾನು ಕೊಟ್ಟೆ."

ಅವರಿಗೆ ಯಾವ ದಿನ ಅಂತ ಕೇಳಬೇಕಾಗಲಿಲ್ಲ. ನಗು ಹೋಯಿತು. ಐವತ್ತು ವರ್ಷವಾದರೂ ನೆಟ್ಟಗಾಗದ ನನ್ನ ತಮಿಳಿನಲ್ಲಿ ಪೂರ್ತಿ ಹೇಳಿದೆ. ಅವರು ಕೈಕಟ್ಟಿ ಕೇಳಿದರು. ಆಮೇಲೆ ವಕೀಲರ ಹಾಗೆ ಒಂದೊಂದೇ ಕೇಳಿದರು.

"ಎಷ್ಟು ಗಂಟೆಗೆ ಕೊಟ್ಟಿರಿ?"

"ಆರಕ್ಕೆ."

"ಲೋಟ ಎಷ್ಟು ದೊಡ್ಡದು?"

"ಮುನ್ನೂರು."

"ಉಪ್ಪು ಹಾಕಿದ್ದಿರಾ?"

"ಹೌದು."

ಉಪ್ಪು ಅಂದಾಗ ಮಾತ್ರ ಅವರು ಕಣ್ಣು ಮುಚ್ಚಿದರು. "ಎರಡನೆಯದನ್ನು ನೀವಾಗಿ ಕೊಟ್ಟಿರಾ, ಅವಳು ಕೇಳಿದಳಾ?"

"ಕೇಳಿದಳು. ಒಂಚೂರು ಕೇಳಿದಳು. ನಾನು ತುಂಬಿಸಿದೆ."

ಅವರು ಪಾಪ್‌ಕಾರ್ನ್ ಯಂತ್ರದ ಕಡೆ ತಿರುಗಿದರು. "ಹಾಗಾದರೆ ಆ ಆರು ತಿಂಗಳಲ್ಲಿ ಮೂರು ಅವಳದ್ದು. ಮೂರು ನಿಮ್ಮದು. ನೀವು ಬಂದು ಶೆಡ್ ಗುಡಿಸಬೇಕಿತ್ತು."

"ಈಗ ಬರುತ್ತೇನೆ."

"ಸೊಂಟ ಹಿಡಿದರೆ ನಿಮ್ಮ ಮಗನಿಗೆ ಯಾರು ಹೇಳುವುದು," ಅಂದರು. ನಗಲಿಲ್ಲ. "ಅವಳು ನನ್ನ ಹತ್ತಿರ ಯಾಕಮ್ಮಾ ಹೇಳಲಿಲ್ಲ? ನಾಲ್ಕು ವರ್ಷ ನಾನು ಎಲ್ಲರ ಮುಂದೆ ಹೇಳುತ್ತಿದ್ದೇನೆ. ನಿಂತು ಕೇಳುತ್ತಾಳೆ."

ಬೆಲ್ ಆಯಿತು.

ಸೀಟಿನಲ್ಲಿ ಕೂತ ಕೂಡಲೇ ಮೊಮ್ಮಗಳು, "ಮಾಸ್ಟರ್ ಹತ್ರ ಎಂತ ಅಷ್ಟು ಮಾತು?" ಅಂದಳು.

"ತೆಳಿ ಕೊಟ್ಟದ್ದು ಹೇಳಿದೆ."

ಅವಳು ಪಾಪ್‌ಕಾರ್ನ್ ತಿನ್ನುವುದನ್ನು ನಿಲ್ಲಿಸಿದಳು. ಪರದೆಯ ಮೇಲೆ ನನ್ನ ಫೋಟೋಗೆ ಹಾರ ಹಾಕುತ್ತಿದ್ದರು. "ಅಯ್ಯೋ ಅಜ್ಜಿ, ಅದನ್ನು ಹೇಳಬಾರದು ಅಂತಲೇ ನಾನು ಡೈರೆಕ್ಟರ್ ಹತ್ರ ಜಗಳ ಮಾಡಿದ್ದು. ಅವಳಿಗೆ ಆ ಸೀನ್ ಬೇಕೇ ಬೇಕಿತ್ತು. ಲೋಟ ಕ್ಲೋಸಪ್, ವಯಲಿನ್, ಎಲ್ಲ. ಥಿಯೇಟರಲ್ಲಿ ಇಷ್ಟು ಜನ ಕೂತು ನಿನ್ನನ್ನು ಬೈತಾರೆ. ಅದಕ್ಕೆ ನಾನೇ ಹೇಳಿದ್ದು, ಬೇಕಿದ್ರೆ ಅಜ್ಜಿಯನ್ನು ಸಾಯಿಸು ಅಂತ."

"ನೀನು ಹೇಳಿದ್ದಾ?"

"ಸತ್ತರೆ ಯಾರೂ ಬೈಯುದಿಲ್ಲ ಅಜ್ಜಿ."

ಹಿಂದಿನ ಸಾಲಿನಿಂದ, ನನಗಾಗಿ ಅತ್ತವರೇ ಇರಬೇಕು, ಶ್ ಅಂದರು. ನಾನು ದನಿ ಇಳಿಸಿ ಕೇಳಿದೆ, ನಾಲ್ಕು ವರ್ಷದಿಂದ ಕೇಳಬೇಕಾಗಿದ್ದದ್ದನ್ನು. "ಮತ್ತೆ ನೀನು ಮಾಸ್ಟರ್ ಮನೆಯಲ್ಲಿ ಮಲಗುದು? ನನ್ನ ಮೇಲೆ ಕೋಪವಾ?"

"ಕೋಪ ಎಲ್ಲ ಒಣ್ಣುಂ ಇಲ್ಲ." ಅವಳು ಪರದೆಯನ್ನೇ ನೋಡುತ್ತಿದ್ದಳು. "ನೀನು ಕೊಟ್ರೆ ನಾನು ಕುಡೀತೇನೆ. ನಿನ್ನ ಹತ್ರ ಬೇಡ ಹೇಳ್ಲಿಕ್ಕೆ ನಂಗೆ ಬರುದಿಲ್ಲ."

ಉಳಿದ ಸಿನಿಮಾ ಏನಾಯಿತು ಅಂತ ನನಗೆ ಸರಿಯಾಗಿ ನೆನಪಿಲ್ಲ. ಗೆದ್ದಳು, ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡು ವಾರ ಕಳೆದು ಮಗ ಮಾರ್ಕೆಟ್ಟಿನಿಂದ ಬಂದು ಹೇಳಿದ, ಮಾಸ್ಟರ್ ಹೊಸ ಹುಡುಗಿಯರ ಮುಂದೆ ಬೆರಳು ಮಾಡಿದ್ದು ನೋಡಿದೆ ಅಂತ. "ಎಡಗೈ ಕಲಿಯಿರಿ ಅಂದ್ರು ಅಮ್ಮ. ಅಲ್ಲಿಗೇ ನಿಲ್ಲಿಸಿದ್ರು."

ಆಮೇಲಿನ ತಿಂಗಳು ಇನ್ನೊಂದು ಆಯ್ಕೆ ಪಂದ್ಯ ಬಂತು. ತೂಕ ದ್ವಾದಶಿ ಬೆಳಿಗ್ಗೆಯೇ. ತಿಂಗಳಿಗೆ ಎರಡು ದ್ವಾದಶಿ ಇರುವಾಗ ಎಲ್ಲಾದರೂ ಒಂದು ಎದುರಾಗುತ್ತದೆ. ಏಕಾದಶಿ ಸಂಜೆ ಅವಳು ಚೀಲ ಹಿಡಿದು 'ಮಾಸ್ಟರ್ ಮನೆಗೆ' ಅನ್ನುತ್ತಾಳೆ ಅಂತ ಕಾದೆ. ಅನ್ನಲಿಲ್ಲ. ಒದ್ದೆ ಬಟ್ಟೆ ತಂದು ಸೋಫಾದಲ್ಲಿ ನನ್ನ ಪಕ್ಕ ಬಂದು ಬಿದ್ದುಕೊಂಡಳು.

ಪಂಚಾಂಗದ ಪ್ರಕಾರ ಆ ದಿನ ದ್ವಾದಶಿ ಏಳೂ ಹತ್ತಕ್ಕೆ ಮುಗಿಯುತ್ತಿತ್ತು. ಅದರೊಳಗೆ ಪಾರಣೆ ಆಗಬೇಕು. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ನಾನು ಅಡಿಗೆಮನೆಗೆ ಹೋಗಲಿಲ್ಲ. ಒಲೆ ಹಚ್ಚಲಿಲ್ಲ. ಗಂಜಿ ಬೇಯುವ ವಾಸನೆ ಮನೆಯಲ್ಲಿ ಬರಬಾರದಿತ್ತು. ದೇವರ ಕೋಣೆಯಲ್ಲೇ ಕೂತೆ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, "ಅಜ್ಜಿ, ಪಾರಣೆ ಆಯ್ತಾ?" ಅಂದಳು.

"ನೀನು ಹೋಗು, ಆಟೋ ನಿಂತುಂಟು."

ಆರೂವರೆ ಆಯಿತು, ಏಳಾಯಿತು. ಮಗ ಎರಡು ಸಲ ಬಂದು ಗಡಿಯಾರ ನೋಡಿದ. "ಅಮ್ಮ, ಹೊತ್ತು ಮೀರ್ತದೆ. ತೀರ್ಥ ಆದರೂ ತೆಗೊ."

"ಆಗ್ತದೆ."

"ಎಂತ ಆಗ್ತದೆ? ಐದು ನಿಮಿಷ ಉಂಟು."

"ಅವಳದ್ದು ಆಗ್ಲಿ."

ಅವನು ಕೆಳಗೆ ಹೋಟೆಲಿಗೆ ಹೋದ. ಏಳೂ ಹತ್ತು ಕಳೆಯಿತು. ಮದುವೆಯಾದಂದಿನಿಂದ ನಾನು ಪಾರಣೆಯ ಹೊತ್ತು ತಪ್ಪಿಸಿದ್ದು ಅದೇ ಮೊದಲು. ಕಾನ್ವೆಂಟಿನ ಸಿಸ್ಟರ್‌ಗೂ ಅತ್ತೆಗೂ ಒಟ್ಟಿಗೆ ಉತ್ತರ ಹೇಳಬೇಕಾದ ಹಾಗೆ ಅನಿಸಿತು. ಕೂತೇ ಇದ್ದೆ. ಏಳೂ ಮುಕ್ಕಾಲಿಗೆ ಫೋನು.

"ನಲವತ್ತೇಳು ಒಂಬತ್ತು, ಅಜ್ಜಿ," ಅಂದಳು. ಅಷ್ಟರಲ್ಲಿ ಯಾರೋ ಫೋನ್ ಅವಳ ಕೈಯಿಂದ ತೆಗೆದುಕೊಂಡರು. ಮಾಸ್ಟರ್.

"ಅಮ್ಮಾ, ಈಗ ಕಳುಹಿಸಿ ನಿಮ್ಮ ಗಂಜಿ. ದೊಡ್ಡ ಫ್ಲಾಸ್ಕಿನಲ್ಲಿ. ಪಂದ್ಯ ಮಧ್ಯಾಹ್ನ."

ಎದ್ದು ಹೋಗಿ ಒಲೆ ಹಚ್ಚಿದೆ. ಫೋನು ಕಿವಿ ಮತ್ತು ಹೆಗಲಿನ ನಡುವೆ ಇತ್ತು. ಅಕ್ಕಿ ತೊಳೆದು ಹಾಕಿದೆ. ಉಪ್ಪಿನ ಡಬ್ಬಿ ತೆಗೆದು, ಹಾಕುವ ಮುಂಚೆ ಒಂದು ಸಲ ಕೇಳಿದೆ.

"ಹಾಕಿ ಅಮ್ಮಾ," ಅಂದರು.